ಚೀಟಿಯಲ್ಲಿ ಬಂದ ಪಕ್ಷ

ಕಳೆದ ಜುಲೈಯಲ್ಲಿ, ನಾನು ಓದಿದ ಹೈಸ್ಕೂಲಿನವರು ಚರ್ಚಾಸ್ಪರ್ಧೆಗೆ ತೀರ್ಪುಗಾರಳಾಗಿ ಬರಬೇಕೆಂದು ಹೇಳಿಕಳಿಸಿದರು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದ ಹೆಂಗಸನ್ನು ಕರೆಯುವುದು ಇಂಥ ಕೆಲಸಕ್ಕೇ. ಹೋದೆ. ಸಭಾಂಗಣದ ಹೊಸ್ತಿಲು ದಾಟುತ್ತಿದ್ದ ಹಾಗೆ ಒದ್ದೆ ಕೊಡೆಗಳ, ಗಂಜಿ ಹಾಕಿದ ಬಟ್ಟೆಯ, ಮೇಣ ತಿಕ್ಕಿದ ಬೆಂಚುಗಳ ವಾಸನೆ ಒಟ್ಟಿಗೇ ಮೂಗಿಗೆ ಬಂತು. ಅರುವತ್ತು ದಾಟಿದವಳು ಆ ಕ್ಷಣಕ್ಕೆ ಹದಿನಾರರವಳಾದೆ ಎಂದು ಬರೆಯಲು ಕೈ ಹೋಗುತ್ತದೆ. ಅದು ನಿಜವಲ್ಲ. ಆದದ್ದು ಇಷ್ಟೇ: ನನಗೆ ಸಿಟ್ಟು ಬಂತು. ಯಾಕೆಂದು ತಿಳಿಯುವ ಮೊದಲೇ ಬಂತು.

ಆಮೇಲೆ ಕಂಡಿತು. ವೇದಿಕೆಯ ಮೇಜಿನ ಮೇಲೆ, ಕಸೂತಿ ಹಾಕಿದ ಬಟ್ಟೆಯ ನಡುವೆ, ಆ ಬೆಳ್ಳಿಯ ಕಪ್ ಇತ್ತು. ‘ಉತ್ತಮ ಭಾಷಣಕ್ಕೆ, ಸಂಕಪ್ಪಣ್ಣನವರ ಕೊಡುಗೆ’ ಎಂದು ಅದರ ಹೊಟ್ಟೆಯ ಮೇಲೆ ಕೊರೆದಿದೆ. ಕೆಳಗಿನ ಮರದ ಪೀಠದ ಸುತ್ತ ಸಣ್ಣ ಸಣ್ಣ ತಗಡುಗಳಲ್ಲಿ ವರ್ಷವರ್ಷವೂ ಗೆದ್ದ ಹುಡುಗಿಯರ ಹೆಸರು. ಮೊದಲ ತಗಡಿನ ಹೆಸರು ಜಲಜಾಕ್ಷಿ. ಅದನ್ನು ನನ್ನ ಕೈಯಿಂದ ಕೊಡಿಸುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಳೆಗಾಲದ ಮಾತು ಇದು. ಜಲಜಾಕ್ಷಿಯೂ ನಾನೂ ಆಗ ಸಿಕ್ಸ್ತ್ ಫಾರ್ಮಿನಲ್ಲಿದ್ದೆವು, ಅಂದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷ. ಆ ವರ್ಷ ನಾನು ಬರೆದ ಡೈರಿ, ಗೆರೆ ಹಾಕಿದ ಲೆಕ್ಕದ ಪುಸ್ತಕ, ಇನ್ನೂ ನನ್ನ ಬಳಿ ಇದೆ. ಈ ವಿಷಯದ ಬಗ್ಗೆ ಅದರಲ್ಲಿರುವುದು ಐದಾರು ಸಾಲು. ಉಳಿದದ್ದೆಲ್ಲ ನೆನಪು. ನೆನಪನ್ನು ನಾನು ನಂಬುವುದಿಲ್ಲ, ಮುಖ್ಯವಾಗಿ ಅದು ನನ್ನನ್ನು ಒಳ್ಳೆಯವಳನ್ನಾಗಿ ತೋರಿಸುವಾಗ. ಈಚೆಗೆ, ಕೆಟ್ಟವಳನ್ನಾಗಿ ತೋರಿಸುವಾಗಲೂ ನಂಬುವುದನ್ನು ಬಿಟ್ಟಿದ್ದೇನೆ. ಅದಕ್ಕೂ ಕಾರಣ ಜಲಜಾಕ್ಷಿಯೇ.

ಗುಡ್ಡೆಯ ಮೇಲಿನ ನಮ್ಮ ಕಾನ್ವೆಂಟ್ ಶಾಲೆಯಲ್ಲಿ ಸಂಘಗಳಿಗೆ ಬರವಿರಲಿಲ್ಲ. ಸೋಮವಾರ ಹೊಲಿಗೆಯ ಸಂಘ. ಬುಧವಾರ ಗೈಡ್ಸ್, ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ನೆಲದ ಮೇಲೆ ಮಲಗಿದ ಹುಡುಗಿಯ ಮುರಿಯದ ಕಾಲಿಗೆ ಪಟ್ಟಿ ಕಟ್ಟುತ್ತಿದ್ದೆವು. ಶುಕ್ರವಾರ ಸೊಡಾಲಿಟಿ, ಅದು ನಮ್ಮಂಥ ಕ್ರಿಸ್ತುವರ ಹುಡುಗಿಯರಿಗೆ ಮಾತ್ರ, ಕೊರಳಿಗೆ ನೀಲಿ ರಿಬ್ಬನ್, ಮರಿಯಮ್ಮನ ಮುಂದೆ ಮೇಣದ ಬತ್ತಿ. ಶನಿವಾರ ಮಧ್ಯಾಹ್ನ ಡಿಬೇಟಿಂಗ್ ಸೊಸೈಟಿ. ಉಳಿದ ಎಲ್ಲ ಸಂಘಗಳಲ್ಲಿ ನಮಗೆ ಕಲಿಸುತ್ತಿದ್ದದ್ದು ಬಾಯಿ ಮುಚ್ಚಿಕೊಂಡು ಕೈ ಆಡಿಸುವುದನ್ನು. ಇದೊಂದರಲ್ಲಿ ಬಾಯಿ ತೆರೆಯಬಹುದಿತ್ತು. ಜಲಜಾಕ್ಷಿ ವಾರವಿಡೀ ಬದುಕುತ್ತಿದ್ದದ್ದು ಆ ಶನಿವಾರಕ್ಕಾಗಿ.

ಅವಳು ನೇತ್ರಾವತಿಯ ಆಚೆಯವಳು, ತೊಕ್ಕೊಟ್ಟಿನ ಕಡೆಯ ಒಂದು ಗುತ್ತಿನ, ಅಂದರೆ ಊರಿನ ಹಿರಿಮನೆಯ, ಹುಡುಗಿ. ಅವರಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಅಪ್ಪ ಇದ್ದರೂ ಮನೆಯ ಯಜಮಾನಿಕೆ ಸೋದರಮಾವನದು. ಆ ಮಾವನೇ ಸಂಕಪ್ಪಣ್ಣ. ಮನೆಗೆ ಒಂದು ಹಳೆಯ ಜಾಗದ ವ್ಯಾಜ್ಯವಿತ್ತು. ಕೋರ್ಟಿನಿಂದ ಬಂದ ಕಾಗದಗಳನ್ನು ಮಾವನಿಗೆ ಓದಿ ಹೇಳುವ ಕೆಲಸ ಹನ್ನೆರಡನೆಯ ವಯಸ್ಸಿನಿಂದಲೂ ಜಲಜಾಕ್ಷಿಯದೇ. ಓದಿ ಓದಿ ಅವಳಿಗೆ ಆಸೆ ಹುಟ್ಟಿತ್ತು: ಇಲ್ಲಿ ಇಂಟರ್‌ಮೀಡಿಯಟ್ ಮುಗಿಸಬೇಕು, ಮದ್ರಾಸಿಗೆ ಹೋಗಿ ಕಾನೂನು ಓದಬೇಕು, ಕರಿಗೌನು ಹಾಕಿ ಕೋರ್ಟಿನಲ್ಲಿ ನಿಲ್ಲಬೇಕು. ಇದನ್ನು ಅವಳು ಮುಚ್ಚಿಟ್ಟಿರಲಿಲ್ಲ. ಜೂನಿನಲ್ಲಿ ಅವಳನ್ನು ಶಾಲೆಗೆ ಬಿಡಲು ಬಂದಿದ್ದ ಸಂಕಪ್ಪಣ್ಣ ಮಳೆನೀರು ಸುರಿಯುವ ಕೊಡೆಯನ್ನು ವೆರಾಂಡಾದ ಹೊರಗೆ ಹಿಡಿದುಕೊಂಡೇ ಸಿಸ್ಟರ್ ಅಗಾಥಾರಿಗೆ, “ಫಸ್ಟ್ ಕ್ಲಾಸ್ ಬಂದ್ರೆ ಕಾಲೇಜಿಗೆ ಹಾಕ್ತೇನೆ ಸಿಸ್ಟರೇ. ನಂದು ಒಂದೇ ಮಾತು” ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದು ಡೈರಿಯಲ್ಲೂ ಇದೆ.

ಸಿಸ್ಟರ್ ಅಗಾಥಾ ನಮ್ಮ ಊರಿನವರೇ, ಕೊಂಕಣಿ ಮನೆಮಾತಿನವರು, ಕನ್ನಡವನ್ನು ಪ್ರೀತಿಯಿಂದ ಕಲಿತವರು. ಸೊಸೈಟಿ ಅವರ ಕೈಯಲ್ಲಿತ್ತು, ಕಾರ್ಯದರ್ಶಿ ನಾನು. ಪಕ್ಷ ಹಂಚುವುದಕ್ಕೆ ಅವರದೊಂದು ಪದ್ಧತಿ. ವಿಲಾಯಿತಿಯಿಂದ ಬಂದ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ನಾಲ್ಕು ಮಡಿಕೆಯ ಚೀಟಿಗಳು: ‘ಪರ’, ‘ವಿರೋಧ’. ಎತ್ತಿದ ಚೀಟಿಯನ್ನು ತಿರುಗಿ ಹಾಕುವ ಹಾಗಿಲ್ಲ. “ನನಗೆ ಇದರಲ್ಲಿ ನಂಬಿಕೆ ಇಲ್ಲ ಸಿಸ್ಟರ್” ಎಂದು ಯಾರಾದರೂ ಗೊಣಗಿದರೆ ಅವರ ಉತ್ತರ ಸಿದ್ಧವಿತ್ತು: “ನಿನ್ನ ನಂಬಿಕೆ ಯಾರು ಕೇಳಿದ್ರು? ಚೀಟಿ ಬಂತು, ಇನ್ನು ಅದು ನಿನ್ನ ಪಕ್ಷ. ಅರೆಮನಸ್ಸಿಂದ ಮಾತಾಡಿದ್ರೆ ಕೇಳುವವರಿಗೆ ಅವಮಾನ ಮಾಡಿದ ಹಾಗೆ.” ಈ ಮಾತನ್ನು ನಾವು ಜಪಮಾಲೆಯ ಪ್ರಾರ್ಥನೆಯಷ್ಟೇ ಬಾಯಿಪಾಠ ಮಾಡಿಕೊಂಡಿದ್ದೆವು.

ಅದುವರೆಗೆ ಶಾಲಾ ದಿನಾಚರಣೆಯ ಚರ್ಚೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ತಾಯಂದಿರು ಒಳ್ಳೆಯ ಸೀರೆ ಉಟ್ಟು ಬಂದು, ಒಂದಕ್ಷರ ತಿಳಿಯದೆ ಎರಡು ಗಂಟೆ ಕುಳಿತು, ಮಗಳು ಬಾಗಿ ನಮಸ್ಕರಿಸಿದಾಗ ಕೈ ತಟ್ಟಿ ಹೋಗುತ್ತಿದ್ದರು. ಈ ಬಾರಿ ಕನ್ನಡದಲ್ಲಿ ಆಗಲಿ ಎಂದು ಸಭೆಯಲ್ಲಿ ಎದ್ದು ಸೂಚಿಸಿದವಳು ನಾನು. ಇದು ನೆನಪಲ್ಲ, ಮಿನಿಟ್ ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ದಾಖಲಾದ ಮಾತು. ಸಿಸ್ಟರ್ ಅಗಾಥಾರಿಗೆ ಖುಷಿಯೋ ಖುಷಿ. ಐರ್ಲೆಂಡಿನಿಂದ ಬಂದಿದ್ದ ಮದರ್ ಸುಪೀರಿಯರ್‌ರನ್ನು ಅವರೇ ಒಪ್ಪಿಸಿದರು. ವಿಷಯವನ್ನು ಮದರ್ ಕೊಟ್ಟರು: ಹುಡುಗಿಯರಿಗೆ ಹೈಸ್ಕೂಲಿನ ಮೇಲೆ ಓದು ಬೇಕು.

ಚೀಟಿ ಎತ್ತಿದ್ದು ಜುಲೈಯ ಒಂದು ಶನಿವಾರ. ಹಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಸಿಸ್ಟರ್ ಹೆಸರು ಕರೆಯುವ ಬದಲು ಬೆರಳು ತೋರಿಸುತ್ತಿದ್ದರು. ಡೈರಿಯ ಸಾಲು ಹೀಗಿದೆ: ‘ಚೀಟಿ ಎತ್ತಿದೆವು. ನನಗೆ ಪರ, ಜೆ.ಗೆ ವಿರೋಧ. ಅವಳು ನಕ್ಕಳು.’ ಆದರೆ ನಲವತ್ತು ವರ್ಷ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಅದರಲ್ಲಿ ವಿರೋಧದ ಚೀಟಿ ಬಂದದ್ದು ನನಗೆ. ನಾನು ಅತ್ತು ಕರೆದು, ಬೆಂಚಿನ ಕೆಳಗೆ ಅವಳ ಚೀಟಿಯೊಂದಿಗೆ ಬದಲಾಯಿಸಿಕೊಂಡೆ. ಆ ಒದ್ದೆ ಕಾಗದದ ಮೃದುತ್ವ ಕೂಡ ಬೆರಳಿಗೆ ನೆನಪಿದೆ. ಯಾವುದು ನಿಜ? ಬದಲಾಯಿಸಿದ್ದರೆ ಡೈರಿಯಲ್ಲಿ ಬರೆಯುವ ಧೈರ್ಯ ನನಗೆ ಇರುತ್ತಿತ್ತೇ?

ನನ್ನ ಭಾಷಣವನ್ನು ನಾನು ಬರೆದುಕೊಂಡೆ, ಅವಳದನ್ನೂ ಬಹುಪಾಲು ನಾನೇ ಬರೆದುಕೊಟ್ಟೆ. ಅವಳ ಕನ್ನಡ ಬಾಯಲ್ಲಿ ಚುರುಕು, ಕಾಗದದ ಮೇಲೆ ತೊದಲು. ಅವಳು ದಿನಾ ಬೆಳಗ್ಗೆ ಹೊಳೆ ದಾಟುವಾಗ ದೋಣಿಯಲ್ಲಿ ನಿಂತು ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದಳಂತೆ. ಒಂದು ದಿನ ಬಂದು ಹೇಳಿದಳು, “ಸೆಲಿನ್, ದೋಣಿಯವ ಎಂತ ಹೇಳಿದ ಗೊತ್ತುಂಟಾ? ‘ಅಕ್ಕ, ನೀವು ಹೇಳುವುದು ಬರೋಬರಿ. ನಮ್ಮ ಮನೆಗೆ ಒಮ್ಮೆ ಬಂದು ನನ್ನ ಹೆಂಡತಿಗೂ ಇದನ್ನೇ ಹೇಳಿ, ಅವಳು ಮಗಳನ್ನು ಶಾಲೆಗೆ ಕಳಿಸ್ಬೇಕು ಅಂತ ಹಟ ಹಿಡಿದಿದ್ದಾಳೆ’ ಅಂತ!”

“ನೀನು ಎಂತ ಹೇಳಿದೆ?”

“ಎಂತ ಹೇಳುದು? ಮುಂದಿನ ಸಲ ನನಗೆ ಪರ ಬಂದ್ರೆ ಅದನ್ನೂ ಕೇಳು, ಆಮೇಲೆ ತೀರ್ಮಾನ ಮಾಡು ಅಂದೆ.”

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಮಾತೆಲ್ಲ ನಾವು ಆಡಿದ್ದು ತುಳುವಿನಲ್ಲಿ. ವೆರಾಂಡಾದಲ್ಲಿ ತುಳು ಆಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು, ಹಾಗಾಗಿ ಬಾವಿಕಟ್ಟೆಯ ಹಿಂದೆ ನಿಂತು ಆಡಿದ್ದು. ಇಲ್ಲಿ ಕನ್ನಡಕ್ಕೆ ತರುವಾಗಲೇ ಅದರ ಬಣ್ಣ ಸ್ವಲ್ಪ ಮಾಸಿದೆ ಎಂಬುದು ನನಗೆ ಗೊತ್ತು.

ಸೆಪ್ಟೆಂಬರಿನಲ್ಲಿ, ಮರಿಯಮ್ಮನ ಮೊಂತಿ ಹಬ್ಬ ಕಳೆದ ಮರುವಾರ ಶಾಲಾ ದಿನ. ಮಕ್ಕಳು ಮರಿಯಮ್ಮನಿಗೆ ಎರಚಿದ ಹೂಗಳು ಇನ್ನೂ ಅಂಗಳದ ಮೂಲೆಗಳಲ್ಲಿ ಕೊಳೆಯುತ್ತಿದ್ದವು. ಮಳೆ ಹಿಡಿದು ಬಿಟ್ಟು ಬರುತ್ತಿತ್ತು. ಎಡಕ್ಕೆ ತಾಯಂದಿರು, ಬಲಕ್ಕೆ ಗಂಡಸರು. ಮುಂದಿನ ಸಾಲಿನಲ್ಲಿ ಸಂಕಪ್ಪಣ್ಣ, ಬಿಳಿ ಮುಂಡು, ಕಪ್ಪು ಕೋಟು, ಹೆಗಲ ಮೇಲೆ ಜರಿಯ ಶಾಲು. ನಾನು ಮೊದಲು ಮಾತಾಡಿದೆ. ಕೆಟ್ಟದಾಗಿ ಮಾತಾಡಿದೆ. ಪುಸ್ತಕದಿಂದ ಎತ್ತಿದ ಮಾತುಗಳು, ಎರಡು ವಾಕ್ಯಕ್ಕೊಂದು ‘ಆದ್ದರಿಂದ’. ಆಮೇಲೆ ಜಲಜಾಕ್ಷಿ ಎದ್ದಳು.

ಅವಳು ನನ್ನ ಒಂದೊಂದು ‘ಆದ್ದರಿಂದ’ವನ್ನೂ ಮೀನಿನ ಹುರುಪೆ ತೆಗೆದ ಹಾಗೆ ಕೆರೆದು ತೆಗೆದಳು. ತಾಯಂದಿರು ನಕ್ಕರು, ಮೊದಲ ಬಾರಿಗೆ ಅವರಿಗೆ ಆ ಸಭಾಂಗಣದಲ್ಲಿ ನಗಲು ಏನೋ ಸಿಕ್ಕಿತ್ತು. ಕೊನೆಗೆ ದನಿ ತಗ್ಗಿಸಿ, ಕೈಜೋಡಿಸಿ ಹೇಳಿದಳು: “ಈ ಸಭೆಯಲ್ಲಿ ಕುಳಿತ ನನ್ನ ಹಿರಿಯರ ಎದುರಿನಲ್ಲಿ ಹೇಳುತ್ತೇನೆ. ನನಗೆ ಇಷ್ಟು ಓದು ಸಾಕು. ನನ್ನ ಮನೆಯೇ ನನ್ನ ಕಾಲೇಜು.”

ಚಪ್ಪಾಳೆ ಎಷ್ಟು ಹೊತ್ತು ಬಿತ್ತೋ. ನಾನೂ ತಟ್ಟಿದೆ. ಸೋತವಳ ಮುಖದಲ್ಲಿ ಇರಬೇಕಾದ ಬೇಸರ ನನಗಿರಲಿಲ್ಲ, ಯಾಕೆಂದರೆ ಆ ಸಾಲು ನಾನು ಬರೆದುಕೊಟ್ಟದ್ದು ಎಂಬ ಹೆಮ್ಮೆಯಿತ್ತು.

ಬಹುಮಾನ ಕೊಟ್ಟಾದ ಮೇಲೆ ಸಂಕಪ್ಪಣ್ಣ ಎರಡು ಮಾತು ಹೇಳಲು ಅಪ್ಪಣೆ ಕೇಳಿ ವೇದಿಕೆ ಹತ್ತಿದರು. ಒಳ್ಳೆಯ ಕಂಠ. ಮಾತನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಏರಿಸಬೇಕು ಎಂದು ಬಲ್ಲವರು. “ನನ್ನ ಸೊಸೆಯನ್ನು ಮುಂದೆ ಓದಿಸ್ಬೇಕೋ ಬೇಡವೋ ಅಂತ ನಾನು ಕೆಲವು ತಿಂಗಳಿಂದ ಯೋಚನೆಯಲ್ಲಿದ್ದೆ. ಇವತ್ತು ಅವಳೇ, ತನ್ನ ಬಾಯಿಂದಲೇ, ಈ ದೊಡ್ಡ ಸಭೆಯಲ್ಲಿ ತೀರ್ಮಾನ ಹೇಳಿದ್ದಾಳೆ. ಹುಡುಗಿಯರ ತಲೆ ತಿರುಗಿಸದೆ, ಮನೆಯ ಬೆಲೆ ಕಲಿಸುವ ಈ ಶಾಲೆಗೆ ನನ್ನ ನೆನಪಿಗೆ ಒಂದು ಬೆಳ್ಳಿಯ ಕಪ್ ಕೊಡ್ತೇನೆ.”

ನಾನು ಸಿಸ್ಟರ್ ಅಗಾಥಾರನ್ನು ನೋಡಿದೆ. ಅವರು ಮದರ್ ಸುಪೀರಿಯರ್‌ರ ಕಿವಿಯಲ್ಲಿ ಅನುವಾದ ಹೇಳುತ್ತಿದ್ದರು. ಮದರ್ ಮುಖವರಳಿಸಿ ತಲೆಯಾಡಿಸುತ್ತಿದ್ದರು. ಒಂದು ವಾಕ್ಯ ಸಾಕಿತ್ತು. “ಸಂಕಪ್ಪಣ್ಣನವರೇ, ಹುಡುಗಿಗೆ ಅದು ಚೀಟಿಯಲ್ಲಿ ಬಂದ ಪಕ್ಷ.” ಮೇಜಿನ ಕೆಳಗೆ ಆ ಬಿಸ್ಕತ್ತಿನ ಡಬ್ಬಿಯೂ ಇತ್ತು, ಅವರ ಕಾಲ ಬಳಿಯಲ್ಲೇ. ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಜಲಜಾಕ್ಷಿ ಕೈಯಲ್ಲಿ ಬಹುಮಾನದ ಪುಸ್ತಕ ಹಿಡಿದು ನಿಂತಿದ್ದಳು, ಇನ್ನೂ ನಗುತ್ತಲೇ. ಮಾವ ಹೇಳಿದ್ದು ಅವಳಿಗೆ ಇನ್ನೂ ತಟ್ಟಿರಲಿಲ್ಲ.

ಸೋಮವಾರ ಇಬ್ಬರೂ ಸಿಸ್ಟರ್ ಅಗಾಥಾರ ಬಳಿ ಹೋದೆವು. ಅವರು ಹೊಲಿಗೆಯ ಕೋಣೆಯಲ್ಲಿ ದಾರ ಬಿಡಿಸುತ್ತಾ ಕುಳಿತಿದ್ದರು.

“ನೀವು ಮಾವನಿಗೆ ಒಂದು ಕಾಗದ ಬರೀರಿ ಸಿಸ್ಟರ್” ಎಂದಳು ಜಲಜಾಕ್ಷಿ. “ಚೀಟಿ ಅಂತ. ಅಷ್ಟೇ ಸಾಕು.”

ಸಿಸ್ಟರ್ ತಲೆ ಎತ್ತಲಿಲ್ಲ. “ಮನೆಯೊಳಗಿನ ವಿಷಯಕ್ಕೆ ಕಾನ್ವೆಂಟ್ ಕೈ ಹಾಕುವ ಹಾಗಿಲ್ಲ ಮಗಳೇ.”

“ಮನೆಯ ವಿಷಯ ಅಲ್ಲ. ಡಿಬೇಟಿನ ವಿಷಯ.”

“ನೋಡು, ಹೊಳೆಯ ಆಚೆಯವರು ನಮ್ಮಲ್ಲಿಗೆ ಹುಡುಗಿಯರನ್ನು ಕಳಿಸ್ಲಿಕ್ಕೆ ಹೆದರ್ತಾರೆ. ಕಾನ್ವೆಂಟಿಗೆ ಹೋದ್ರೆ ಹುಡುಗಿ ಕೈತಪ್ಪಿ ಹೋಗ್ತಾಳೆ ಅಂತ. ನಿನ್ನ ಮಾವ ಆ ದಿನ ಹೇಳಿದ ಮಾತು ಎಷ್ಟು ಮನೆಗೆ ಮುಟ್ಟಿದೆ ಗೊತ್ತುಂಟಾ? ನಿನ್ನಿಂದಾಗಿ ಇನ್ನೆಷ್ಟು ಹುಡುಗಿಯರು ಶಾಲೆ ಕಾಣ್ತಾರೆ ಅಂತ ಯೋಚನೆ ಮಾಡು. ಅದು ಕೂಡ ಒಂದು ತ್ಯಾಗ.”

“ತ್ಯಾಗ ನಾನು ಮಾಡ್ಬೇಕು ಸಿಸ್ಟರ್,” ಎಂದಳು ಜಲಜಾಕ್ಷಿ. “ನೀವು ನನ್ನದನ್ನು ತೆಗೆದು ಕೊಟ್ರೆ ಅದಕ್ಕೆ ಬೇರೆ ಹೆಸರು ಉಂಟು.”

ಅವಳನ್ನು ಒಂದು ಗಂಟೆ ವೆರಾಂಡಾದಲ್ಲಿ ನಿಲ್ಲಿಸಿದರು. ಅಧಿಕಪ್ರಸಂಗಕ್ಕೆ. ವಾದ ಮಾಡುವುದನ್ನು ಕಲಿಸಿದವರೇ, ಅವಳು ತನಗಾಗಿ ಆಡಿದ ಮೊದಲ ವಾದಕ್ಕೆ, ಶಿಕ್ಷೆ ಕೊಟ್ಟರು. ನಾನು ಮಿನಿಟ್ ಪುಸ್ತಕ ತೆಗೆದು ನೋಡಿದೆ. ‘ಚೀಟಿಯ ಮೂಲಕ ಪಕ್ಷಗಳನ್ನು ಹಂಚಲಾಯಿತು’ ಎಂದು ನಾನು ಬರೆದಿದ್ದ ಸಾಲನ್ನು ಸಿಸ್ಟರ್ ಎಂದೋ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಪಕ್ಕದಲ್ಲಿ, ‘ಅನಗತ್ಯ ವಿವರ’. ಶಾಲಾ ದಿನಕ್ಕೆ ಮೊದಲೋ ಆಮೇಲೋ? ಮೊದಲೇ ಇರಬೇಕು. ಅವರು ಎಲ್ಲರ ಬರಹವನ್ನೂ ಹಾಗೆ ಸವರುತ್ತಿದ್ದರು. ಆದರೂ ಆ ಕೆಂಪು ಗೆರೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಹಾಗಾದರೆ ನಾವೇ ಹೇಳುವ ಎಂದು ನಿಶ್ಚಯಿಸಿದೆ. ಮುಂದಿನ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅಮ್ಮನನ್ನು ಕಾಡಿಬೇಡಿ ಜೊತೆಗೆ ಕರೆದುಕೊಂಡು ಹೊಳೆ ದಾಟಿದೆ. ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನು ಎತ್ತಿದ್ದೋ ಅವಳು ಎತ್ತಿದ್ದೋ, ಪ್ರಾರ್ಥನಾ ಪುಸ್ತಕದೊಳಗೆ ಇಟ್ಟಿದ್ದ ಆ ‘ವಿರೋಧ’ದ ಚೀಟಿಯನ್ನು ಸಾಕ್ಷಿಯಾಗಿ ಹಿಡಿದುಕೊಂಡಿದ್ದೆ.

ಸಂಕಪ್ಪಣ್ಣ ಚಾವಡಿಯಲ್ಲಿದ್ದರು. ನಮಗೆ ಮಣೆ ಹಾಕಿಸಿದರು, ಬೆಲ್ಲ ನೀರು ತರಿಸಿದರು, ಕೊಂಕಣಿ ಹೆಂಗಸರನ್ನು ಕರೆಯುವ ಹಾಗೆ ಅಮ್ಮನನ್ನು “ಬಾಯಿ” ಎಂದು ಮರ್ಯಾದೆಯಿಂದ ಮಾತಾಡಿಸಿದರು. ಅವರ ಎದುರು ಒಬ್ಬ ಭಾಗವತರು ತಾಳ ಹಿಡಿದು ಕುಳಿತಿದ್ದರು, ಪಕ್ಕದಲ್ಲಿ ಮದ್ದಳೆ. ಮಳೆಗಾಲದಲ್ಲಿ ನಮ್ಮ ಕಡೆ ತಾಳಮದ್ದಲೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಎದುರು ಬದುರು ಕುಳಿತು, ಪುರಾಣದ ಒಬ್ಬೊಬ್ಬರ ಪಕ್ಷ ವಹಿಸಿ ವಾದ ಮಾಡುತ್ತಾರೆ. ಆ ವಾರದ ಕೂಟಕ್ಕೆ ಸಂಕಪ್ಪಣ್ಣ ತಯಾರಾಗುತ್ತಿದ್ದರು. ಅವರು ಹೊಳೆಯ ಆಚೆ ಹೆಸರಾಂತ ಅರ್ಥಧಾರಿ ಎಂಬುದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ.

ನಾನು ಚೀಟಿ ಕೊಟ್ಟು ಎಲ್ಲ ಹೇಳಿದೆ. ಅವರು ಕಾಗದವನ್ನು ಬಿಡಿಸಿ, ನೋಡಿ, ಮಡಚಿ ನನ್ನ ಕೈಗೇ ಕೊಟ್ಟರು.

“ಸಭೆಯಲ್ಲಿ ಆಡಿದ ಮಾತು ಮಗಳೇ. ಹಿರಿಯರ ಎದುರು ಕೈಮುಗಿದು ಹೇಳಿದ್ದಾಳೆ. ಇನ್ನು ನಾನು ಕಾಲೇಜಿಗೆ ಕಳಿಸಿದ್ರೆ, ಅವಳ ಮಾತಿಗೆ ಬೆಲೆ ಇಲ್ಲ ಅಂತ ನಾನೇ ಹೇಳಿದ ಹಾಗೆ ಆಗುದಿಲ್ವಾ?”

ಅಲ್ಲಿಯವರೆಗೆ ಕಂಬಕ್ಕೆ ಒರಗಿ ನಿಂತಿದ್ದ ಜಲಜಾಕ್ಷಿ ಮುಂದೆ ಬಂದಳು.

“ಮಾವ, ಹೋದ ವಾರದ ಕೂಟದಲ್ಲಿ ನೀವು ಜೂಜಿನಲ್ಲಿ ಸೋಲಿಸಿ ಅಣ್ಣನನ್ನು ಕಾಡಿಗೆ ಅಟ್ಟಿದವನ ಪಕ್ಷ ಮಾತಾಡಿದ್ರಿ. ಎಲ್ಲರೂ ತಲೆದೂಗಿದ್ರು. ಬೆಳಿಗ್ಗೆ ಎದ್ದು ನಿಮ್ಮ ಅಣ್ಣನನ್ನು ಮನೆಯಿಂದ ಹೊರಗೆ ಹಾಕಿದ್ರಾ?”

ಭಾಗವತರ ಕೈಯ ತಾಳ ಕಿಣಿ ಅಂದಿತು. ಅವರು ನಗು ತಡೆಯಲಾರದೆ ಹೊರಗೆ ನೋಡಿದರು.

ಸಂಕಪ್ಪಣ್ಣನೂ ನಕ್ಕರು. ಅದು ನನಗೆ ಮರೆಯಲು ಆಗುವುದಿಲ್ಲ, ಅವರು ಸಿಟ್ಟಾಗಲಿಲ್ಲ, ನಕ್ಕರು. “ಕೇಳಿದ್ರಾ ಭಾಗವತರೇ, ಹೇಗೆ ಹಿಡಿದಳು ನೋಡಿ! ಅದು ಆಟ ಮಾರಾಯ್ತಿ. ಅದೂ ಗಂಡಸರ ಆಟ.”

“ಇದೂ ಆಟವೇ.”

“ಮದರ್ ಕೂತಿದ್ರು, ಪಾದ್ರಿಗಳು ಕೂತಿದ್ರು, ಊರಿನ ಮರ್ಯಾದಸ್ಥರು ಕೂತಿದ್ರು. ಅದನ್ನು ಆಟ ಅಂತ ನಾನು ಹೇಗೆ ಹೇಳುದು?” ಎಂದವರು ಅಮ್ಮನ ಕಡೆ ತಿರುಗಿದರು. “ಬಾಯಿ, ನೀರು ಏರುವ ಮೊದಲು ದಾಟಿಬಿಡಿ.”

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್. ಅವರಿಗೆ ಮನಸ್ಸಿಲ್ಲದಿದ್ದರೂ ನನ್ನನ್ನು ಓದಿಸುವುದು ಅಮ್ಮನ ಹಟದಿಂದ ನಡೆಯುತ್ತಿತ್ತು. ಮರಳುವಾಗ ದೋಣಿ ಈಚೆ ದಡಕ್ಕೆ ಬಂದಾಗ ಅಮ್ಮ ಹೇಳಿದರು: “ಆ ಮನುಷ್ಯ ನಿನ್ನ ಅಪ್ಪನಿಗೆ ಸಿಗದಿದ್ರೆ ಸಾಕು.” ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲು: ‘ಅವರಿಗೆ ಗೊತ್ತುಂಟು.’ ಅಡಿಗೆರೆ ಎರಡು ಸಲ ಎಳೆದು ಕಾಗದ ಹರಿದಿದೆ.

ಆಮೇಲೆ ಜಲಜಾಕ್ಷಿ ಸೊಸೈಟಿಗೆ ಬರಲಿಲ್ಲ. ಶನಿವಾರ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದಳು. ಮಾರ್ಚಿನಲ್ಲಿ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಜೂನಿನಲ್ಲಿ ಮತ್ತೆ ಮಳೆ ಹಿಡಿಯಿತು. ನಾನು ಹೊಸ ಕೊಡೆ ಹಿಡಿದು ಕಾಲೇಜಿನ ಮೆಟ್ಟಿಲು ಹತ್ತಿದೆ. ಅದೇ ವಾರ, ಸಿಸ್ಟರ್ ಅಗಾಥಾ ಹೇಳಿದ ಹಾಗೆಯೇ, ಹೊಳೆಯಾಚೆಯಿಂದ ಹೊಸ ಹುಡುಗಿಯರು ಸಾಲಾಗಿ ಶಾಲೆಗೆ ಬರುವುದನ್ನು ಕಂಡೆ. ಅವರ ಓದಿಗೆ ನಾನು ಸಂತೋಷಪಡಬೇಕು. ಪಡುತ್ತೇನೆ ಕೂಡ. ಆದರೆ ಒಬ್ಬಳನ್ನು ಅವಳಿಗೆ ಹೇಳದೆ, ಕೇಳದೆ, ತನ್ನ ಬಾಗಿಲಿಗೆ ತೋರಣದ ಹಾಗೆ ಕಟ್ಟಿಕೊಂಡ ಶಾಲೆಯನ್ನು ಕಂಡು ಸಂತೋಷ ಪೂರ್ತಿ ಆಗುವುದಿಲ್ಲ.

ಬಿ.ಎ., ಎಂ.ಎ., ಕೆಲಸ, ಒಂದೊಂದೂ ಸಿಕ್ಕಾಗ ನಾನು ಅವಳನ್ನು ನೆನೆದು ತಪ್ಪಿತಸ್ಥಳಂತೆ ಕುಗ್ಗುತ್ತಿದ್ದೆ. ಕನ್ನಡದಲ್ಲಿ ಆಗಲಿ ಎಂದವಳು ನಾನು, ಚೀಟಿ ಬದಲಾಯಿಸಿದವಳು ನಾನು, ಆ ಕೊನೆಯ ಸಾಲು ಬರೆದವಳು ನಾನು. ಇದನ್ನು ಅವಳ ಎದುರು ಹೇಳಿ ಹಗುರವಾಗಬೇಕೆಂದು ಈಗ ಆರು ವರ್ಷದ ಹಿಂದೆ ಸೇತುವೆ ದಾಟಿ ತೊಕ್ಕೊಟ್ಟಿಗೆ ಹೋದೆ. ಅವಳು ತಂಗಿಯ ಮಗಳ ಮನೆಯಲ್ಲಿದ್ದಳು. ಮನೆಯ ವ್ಯಾಜ್ಯವನ್ನು ಮಾವನ ಕಾಲದಲ್ಲೂ ಆಮೇಲೂ ಅವಳೇ ನೋಡಿಕೊಂಡದ್ದು. ವಕೀಲರು ಕೋರ್ಟಿನಲ್ಲಿ ಎದ್ದು ಹೇಳುತ್ತಿದ್ದದ್ದು ಅವಳು ಬರೆದುಕೊಟ್ಟ ಮಾತನ್ನೇ. ಅವಳು ಹೊರಗೆ ವೆರಾಂಡಾದಲ್ಲಿ ಕುಳಿತಿರುತ್ತಿದ್ದಳು.

ನಾನು ಹೇಳಿದ್ದೆಲ್ಲ ಕೇಳಿ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಎಂತದು ಬದಲಾಯಿಸಿದ್ದು? ಎಂತದೂ ಇಲ್ಲ. ಚೀಟಿ ನನಗೇ ಬಂದದ್ದು. ನಾನು ನಕ್ಕದ್ದೂ ನೆನಪುಂಟು.”

“ಆದರೆ ಆ ಕೊನೆಯ ಸಾಲು...”

“ನೀನು ಬರೆದದ್ದು ‘ಮನೆಯೇ ಹೆಣ್ಣಿನ ಕಾಲೇಜು’ ಅಂತ. ಸಪ್ಪೆ! ‘ನನ್ನ’ ಅಂತ ಮಾಡಿದ್ದು ನಾನು, ವೇದಿಕೆಯಲ್ಲಿ ನಿಂತ ಮೇಲೆ. ಚಪ್ಪಾಳೆ ಬೇಕಿತ್ತು ನನಗೆ. ಒಳ್ಳೆ ವಕೀಲ ಹಾಗೇ ಮಾಡ್ತಾನೆ.” ಕನ್ನಡಕವನ್ನು ಮತ್ತೆ ಏರಿಸಿಕೊಂಡಳು. “ಎಲ್ಲ ನಿನ್ನದೇ ತಪ್ಪು ಅಂತ ಹೇಳಿಕೊಂಡು ನಲವತ್ತು ವರ್ಷ ಸುಖವಾಗಿ ಅಳ್ತಾ ಕೂತಿದ್ದಿಯಲ್ಲ ಸೆಲಿನ್, ಅವರನ್ನೆಲ್ಲ ಬಿಟ್ಟೇಬಿಟ್ಟೆಯಾ? ಮಾವನನ್ನು? ಅಗಾಥಾರನ್ನು? ನನಗೆ ಅಳುವವರು ಬೇಡ ಮಾರಾಯ್ತಿ. ಸಿಟ್ಟು ಮಾಡುವವರು ಬೇಕು. ನಾನೊಬ್ಬಳೇ ಎಷ್ಟೂಂತ ಮಾಡ್ಲಿ?”

ಆ ದಿನದಿಂದ ನಾನು ನನ್ನ ಪಶ್ಚಾತ್ತಾಪವನ್ನು ಅನುಮಾನದಿಂದ ನೋಡುತ್ತೇನೆ. ಅದು ನನ್ನನ್ನು ಕಥೆಯ ನಡುವೆ ಕೂರಿಸಿ, ಕಥೆ ಮಾಡಿದವರನ್ನು ಮೆಲ್ಲನೆ ಹಿಂಬಾಗಿಲಿನಿಂದ ಕಳಿಸಿಬಿಟ್ಟಿತ್ತು.

ಹಾಗೆ ನೋಡಿದರೆ ಕಳೆದ ಜುಲೈಯ ಸಿಟ್ಟು ಅವಳು ಕೊಟ್ಟದ್ದು. ಆ ದಿನದ ವಿಷಯ: ಮನೆಯಲ್ಲಿ ಟೆಲಿವಿಷನ್ ಬೇಕೆ. ಚೀಟಿ ಎತ್ತುವ ಪದ್ಧತಿ ಈಗಲೂ ಇದೆಯಂತೆ, ಆದರೆ ಅದು ಒಂದು ವಾರ ಮೊದಲೇ ಸ್ಟಾಫ್ ರೂಮಿನಲ್ಲಿ ಮುಗಿದಿರುತ್ತದೆ. ಮಕ್ಕಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದವಳು ಕಾಟಿಪಳ್ಳದ ನಸೀಮಾ ಎಂಬ ಹುಡುಗಿ, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಬೆರಳು ಮಡಚಿ ಮಡಚಿ, ಟಿ.ವಿ. ಬೇಡವೆಂದು ವಾದಿಸಿದಳು. ಹೆಸರು ಕೂಗಿದ ಮೇಲೆ ಅವಳು ವೇದಿಕೆಗೆ ಬರುತ್ತಿದ್ದಾಗ ಮೂರನೆಯ ಸಾಲಿನಿಂದ ಅವಳ ತಂದೆ ಎದ್ದುನಿಂತು ಕೂಗಿದರು:

“ಹಾಗಾದ್ರೆ ದುಬೈಯಿಂದ ತಂದ ಟಿ.ವಿ. ವಾಪಸು ಕಳಿಸ್ಲಾ ಮಗಳೇ? ನೀನೇ ಹೇಳಿದ್ದಲ್ವಾ?”

ಸಭೆಗೆ ಸಭೆಯೇ ನಕ್ಕಿತು. ಹುಡುಗಿಯೂ ನಕ್ಕಳು. ನನ್ನ ಕೈಯಲ್ಲಿ ಸಂಕಪ್ಪಣ್ಣನ ಕಪ್ ಇತ್ತು. ನಾನು ಅದನ್ನು ಕೊಡದೆ ಮೈಕಿನ ಹತ್ತಿರ ಹೋದೆ.

“ಮಗು, ನಿನ್ನ ಪಕ್ಷ ಆರಿಸಿದ್ದು ಯಾರು?”

ಅವಳು ಗಲಿಬಿಲಿಯಾದಳು. “ಚೀಟಿ, ಮೇಡಂ.”

“ಮೈಕಿನಲ್ಲಿ ಹೇಳು. ಎಲ್ಲರಿಗೂ ಕೇಳುವ ಹಾಗೆ.”

“ಇದು ನನಗೆ ಚೀಟಿಯಲ್ಲಿ ಬಂದ ಪಕ್ಷ” ಎಂದಳು ಅವಳು. ದನಿ ಸಭಾಂಗಣದ ಕೊನೆಯ ಗೋಡೆಯವರೆಗೂ ಹೋಯಿತು.

ತೀರ್ಪುಗಾರ ಮುದುಕಿಯ ತಮಾಷೆ ಎಂದುಕೊಂಡು ಜನ ಮತ್ತೆ ನಕ್ಕರು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಗಡಿಯಾರ ನೋಡಿದರು. ತಂದೆ ಕೈಯೆತ್ತಿ, “ಗೊತ್ತುಂಟು ಟೀಚರ್, ಗೊತ್ತುಂಟು, ನಾನು ಸುಮ್ಮನೆ ಹೇಳಿದ್ದು” ಎಂದು ಕುಳಿತುಕೊಂಡರು.

ನಾನು ಹುಡುಗಿಯ ಕೈಗೆ ಕಪ್ ಕೊಟ್ಟೆ. ಅವರಿಗೆ ಗೊತ್ತಿತ್ತು. ಗೊತ್ತಾಗದೆ ಇರುವ ವಿಷಯ ಅಲ್ಲವೇ ಅಲ್ಲ ಅದು. ಜಲಜಾಕ್ಷಿ ಕೈಜೋಡಿಸಿ ನಿಂತ ಆ ದಿನವೂ, ಈ ಸಭಾಂಗಣದಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತಿತ್ತು.